ಋಣ ಚಿಹ್ನೆ

ಚಿಲೋಯೆ ದ್ವೀಪ, ಕಾಸ್ತ್ರೋ ಬಂದರು. ಮೀನುಗಾರರ ಸಂಘದ ಮಹಡಿಯಲ್ಲಿ
ಸೌದೆ ಒಲೆಗೆ ಬೆನ್ನು ಕೊಟ್ಟು ಕೂತ ಇಸ್ಮೇನಿಯಾ
ಒಂದು ನೋಟ್‌ಬುಕ್ಕನ್ನು ಸಾಲು ಸಾಲಾಗಿ
ಕಂಪ್ಯೂಟರಿಗೆ ಉಣಿಸುತ್ತಿದ್ದಾಳೆ.

ಮೂವತ್ತೊಂದು ವರ್ಷ ನೀರಿಗಿಳಿದ ರೆಮೋಲ್ಕೋಯ್
ಪೆನ್ಸಿಲಿನಲ್ಲಿ ಬರೆದಿಟ್ಟ ಜಾಗಗಳು:
ಎಲ್ಲಿ ಚಿಪ್ಪು, ಎಲ್ಲಿ ಬಂಡೆ, ಎಲ್ಲಿ ತಮ್ಮ ಹೋದ.
ಡಿಗ್ರಿ, ನಿಮಿಷ, ಸೆಕೆಂಡು.
ನಮ್ಮ ಪಂಚಾಂಗದವರಾದರೆ ಅಂಶ, ಕಲೆ, ವಿಕಲೆ ಎನ್ನುತ್ತಿದ್ದರು.
ಇಲ್ಲಿ ಯಾವುದು ಕಲೆ, ಯಾವುದು ಚಹಾದ ಕಲೆ
ಹೇಳುವುದು ಕಷ್ಟ.

ತಂತ್ರಾಂಶಕ್ಕೆ ಅರವತ್ತರ ಲೆಕ್ಕ ಸೇರದು.
ಇಪ್ಪತ್ತೆಂಟನ್ನು ಅರವತ್ತರಿಂದ ಭಾಗಿಸಿದರೆ
ಸೊನ್ನೆ ಬಿಂದು ನಾಲ್ಕು ಆರು ಆರು ಆರು,
ಮುಗಿಯುವುದೇ ಇಲ್ಲ ಆರು.
ಐದನೆಯ ಮನೆಯಲ್ಲಿ ಏಳು ಎಂದು ಬಾಯಿ ಮುಚ್ಚಿಸಿದಳು;
ಸಮುದ್ರ ಮೊಳಕ್ಕೆ ಚೂರು ಕಮ್ಮಿ ಆಚೆ ಸರಿಯಿತು.
ಇನ್ನು ದೂರ ಕೇಳಿದರೆ, ಸೈನು ಕೊಸೈನುಗಳು
ಡಿಗ್ರಿಯನ್ನು ಮುಟ್ಟುವುದಿಲ್ಲ, ಮಡಿಯವರ ಹಾಗೆ.
ಪೈಯಿಂದ ಗುಣಿಸಿ, ನೂರೆಂಬತ್ತರಿಂದ ಭಾಗಿಸಿ,
ರೇಡಿಯನ್ ಮಾಡಿಯೇ ಬಡಿಸಬೇಕು.

ನಕ್ಷೆ ತೆರೆದಳು.
ಮುನ್ನೂರ ಹನ್ನೆರಡು ಚುಕ್ಕಿಗಳೂ
ಕಿರ್ಗಿಸ್ತಾನದ ಬೆಟ್ಟ ಹತ್ತಿ ಕೂತಿವೆ!
ಕಡಲೇ ಇಲ್ಲದ ದೇಶ, ಕುದುರೆ ಮೇಯುವ ಹುಲ್ಲು.
ದಕ್ಷಿಣದ ಎಸ್ ಎಲ್ಲೋ ಬಿದ್ದುಹೋಗಿದೆ,
ಪಶ್ಚಿಮಕ್ಕೆ ಸ್ಪ್ಯಾನಿಷಿನವರು ಬರೆಯುವ ಓ
ಸೊನ್ನೆಯ ವೇಷ ಹಾಕಿ ನುಸುಳಿದೆ.

ರೆಮೋಲ್ಕೋಯ್ ಹಿಂದೆಯೇ ನಿಂತಿದ್ದ, ಉಣ್ಣೆ ಟೋಪಿ ಕೈಯಲ್ಲಿ.
"ಅಲ್ಲಿನ ಕುದುರೆಗಳು ಚಿಪ್ಪು ತಿನ್ನುತ್ತವೋ?"
"ಎರಡು ಗೀಟು ಮರೆತೆ ತಾತ. ಈಗ ಹಾಕುತ್ತೇನೆ."
ಅವಳ ಮಾತಲ್ಲಿ ಅದು ಬರೀ ಮೆನೋಸ್, ಕಮ್ಮಿ ಅಂತ.
ಕನ್ನಡದಲ್ಲಿ ಆ ಗೀಟಿಗೆ ಋಣ ಎನ್ನುತ್ತೇವೆ.
ಹಾಗೆ ನೋಡಿದರೆ ಈ ದ್ವೀಪದಲ್ಲಿ ಹುಟ್ಟಿದವರೆಲ್ಲ
ಎರಡೆರಡು ಋಣ ಹೊತ್ತವರು,
ದಕ್ಷಿಣದ್ದೊಂದು, ಪಶ್ಚಿಮದ್ದೊಂದು.
ಎರಡೂ ಹರಿದರೆ
ಭೂಮಿಯ ಆ ಬದಿಯ ಬೆಟ್ಟ.

ಗೀಟು ಹಾಕಿದಳು.
ಚುಕ್ಕಿಗಳು ಒಂದೊಂದಾಗಿ ನೀರಿಗೆ ಮರಳಿದವು.
ಮುದುಕ ಪರದೆಗೆ ಬಾಗಿ
ಉಗುರಿಲ್ಲದ ಬೆರಳಿಂದ ಒಂದು ಸಾಲು ತೋರಿಸಿದ.
"ಇವನೊಬ್ಬನನ್ನು ಅಲ್ಲೇ ಬಿಡು ಮಗಳೇ.
ಬೆಚ್ಚಗಿರಲಿ. ಒಣ ನೆಲ."

ಇಸ್ಮೇನಿಯಾ ಒಲೆಗೆ ಇನ್ನೊಂದು ಕೊರಡು ಹಾಕಿ ಬಂದಳು.
ಫೈಲು ಕಳಿಸಿದಳು.

ನೌಕಾ ಕಚೇರಿಯ ಉತ್ತರ ಗುರುವಾರ ಬಂತು:
ಸಾಲು ಇನ್ನೂರ ಏಳು.
ಸ್ಥಳ ನೆಲದ ಮೇಲಿದೆ. ಪರಿಶೀಲಿಸಿ.