ನೂರು ಹನಿ

ಮೊದಲ ಕುತ್ತಿಗಿ ತಿರವತಾವ.
ಮುಗಲಾಗ ಏನೋ ಕಳಕೊಂಡವರಂಗ
ಮ್ಯಾಲ ನೋಡಕೋತ ನಿಂದರತಾವ,
ಆಮ್ಯಾಲ ಒಂದು ಕಾಲು ಎಳಿತಾವ,
ಸುಣ್ಣಕ್ಕ ಹಸರು ಕಲಸಿದಂಗ ಹಿಕ್ಕಿ.
ಮುಂಜಾನಿ ಬುಟ್ಟಿ ಎತ್ತಿದರ
ಒಂದು ಎದ್ದಿರೂದಿಲ್ಲ.

ಹೋದ ವರ್ಷ ಮಾಘದಾಗ ಏಳು.
ಅದರ ಹಿಂದಿನ ವರ್ಷ ಎಣಿಸಲಿಲ್ಲ.
ಎಣಿಸಿದರ ಬ್ಯಾನಿಗೆ ಲೆಕ್ಕ ತಿಳಿತೈತಿ ಅಂತ
ನಮ್ಮತ್ತಿ ಹೇಳತಿದ್ಳು.
ಮತ್ತ ಕಾವಿಗೆ ಕೂಡಿಸಿದೆ, ಮತ್ತ ನುಚ್ಚು ಚೆಲ್ಲಿದೆ,
ಬೂದಿ ಹರವಿದೆ, ಬೇವಿನ ತಪ್ಪಲ ಹೊಗಿ ಹಾಕಿದೆ,
ಅರಿಷಿಣ ಬಳ್ಳೊಳ್ಳಿ ಜಜ್ಜಿ ಗುಳಗಿ ಮಾಡಿ
ಕೊಕ್ಕು ಬಿಡಿಸಿ ನುಂಗಿಸಿದೆ.
ಅವು ಹೋಗಿ ಎಂಟು ದಿನಾತು,
ನನ್ನ ಬೆರಳು ಇನ್ನೂ ಹಳದಿ.

ಗೂಡು ಅಂದರ ಗೂಡಲ್ಲ,
ನಮ್ಮ ಮಾವ ಕಾಲು ಇಳಿಬಿಟ್ಟು ಕುಂಡರತಿದ್ದ
ಮಗ್ಗದ ಕುಣಿ.
ಮಗ್ಗ ಮಾರಿದಿವಿ. ಕುಣಿ ಯಾರು ಕೊಳ್ಳತಾರ?
ಅವನ ಪಾದ ಇದ್ದಲ್ಲಿ ಈಗ ತತ್ತಿ ಇರತಾವ,
ಬ್ಯಾನಿ ಬಂದಾಗ
ಬರೇ ಪುಕ್ಕ.

ದನದ ದವಾಖಾನ್ಯಾಗ ಕಂಪೌಂಡರ್ ತಲಿ ಎತ್ತಲಿಲ್ಲ.
“ಬಂದ ಮ್ಯಾಲ ಬರತೀರಿ, ಬರೂಕಿಂತ ಮೊದಲ ಬರ್ರಿ.
ನಿಮ್ಮವು ಎಷ್ಟು?”
ಹನ್ನೊಂದು ಅಂದೆ.
ಫ್ರಿಜ್ಜಿನಿಂದ ಒಂದು ಸೀಸೆ ತಗದು ತೋರಿಸಿದ,
ನನ್ನ ಹೆಬ್ಬೆರಳಷ್ಟ ಇತ್ತು.
“ಇದರಾಗ ನೂರು ಕೋಳಿಗೆ ಹನಿ ಐತಿ.
ಮುಚ್ಚಳ ತಗದರ ಎರಡ ತಾಸು, ಆಮ್ಯಾಲ ಬರೇ ನೀರು.
ಹನ್ನೊಂದಕ್ಕ ಒಡಿಯಾಕ ಬರೂದಿಲ್ಲವ್ವ,
ನೂರು ಕೂಡಿಸಿಕೊಂಡು ಬರ್ರಿ.”

ಹಾದಿಗುಂಟ ಓಣಿ ಎಣಿಸಕೋತ ಬಂದೆ.
ಹುಸೇನಬಿದು ಇಪ್ಪತ್ತಮೂರು.
ಚಾದ ಅಂಗಡಿ ಹನಮಪ್ಪಂದು ಹದಿನೇಳು, ಹುಂಜ ಹಿಡದು.
ಬಾವಿ ಕಡೆ ಮನಿಯಾಗ ಒಂಬತ್ತೊ ಹತ್ತೊ.
ಅರವತ್ತಕ್ಕ ನಿಂತಿತು.
ಉಳದದ್ದು ಗ್ವಾಡಿ ಆಚೆ
ತಿಪ್ಪವ್ವನ ಹಿತ್ತಲದಾಗ ಕೊಕ್ಕೊಕ್ಕೊ ಅನ್ನಾಕತ್ತಿತ್ತು.

ಐದು ವರ್ಷದ ಹಿಂದ
ಓಣ್ಯಾಗ ಹಾಸು ಚಾಚಿ ಗಂಜಿ ಹಚ್ಚಿದ್ದಿವಿ,
ಆಕಿ ಹ್ಯಾಟಿ ಹಸಿ ನೂಲಿನ ಮ್ಯಾಲ
ಈ ತುದಿಯಿಂದ ಆ ತುದಿ ಓಡಿತು.
ಮಾವ ಆಡಬಾರದ್ದು ಆಡಿದ, ಆಕಿ ಗಂಡ ಕಲ್ಲು ಎತ್ತಿದ.
ಮಾವ ಈಗಿಲ್ಲ. ಗಂಡ ಸೊಲ್ಲಾಪುರಕ್ಕ ದುಡಿಯಾಕ ಹೋಗ್ಯಾನ.
ಆ ಹ್ಯಾಟೀನೂ ಅದ ವರ್ಷ
ಕುತ್ತಿಗಿ ತಿರವಿ ಹೋತು.
ಜಗಳಕ್ಕಷ್ಟ ಯಾವ ಬ್ಯಾನಿನೂ ಬರಲಿಲ್ಲ.

ದೀಪ ಹಚ್ಚೂ ಹೊತ್ತಿಗೆ ಆಕಿ ಬಾಗಲದಾಗ ನಿಂತೆ.
ಏನು ಅನ್ನಬೇಕಂತ ಹಾದ್ಯಾಗ ನೆನಸಿಕೊಂಡಿದ್ದು
ಒಂದೂ ಬಾಯಿಗೆ ಬರಲಿಲ್ಲ.
“ನಿಮ್ಮವು ಎಷ್ಟ ಅದಾವ?”
ಆಕಿ ಮರದಾಗಿನ ಅಕ್ಕಿ ಕೆಳಗಿಟ್ಟಳು.
“ನಿನ್ನಿತನಕ ಮೂವತ್ತೆಂಟು.
ಇವತ್ತ ಎರಡು ಮುಗಲ ನೋಡಾಕತ್ತಾವ.”

ಮರುದಿನ ಕತ್ತಲಿದ್ದಾಗಲೇ ಕಂಪೌಂಡರ್ ಬಂದ,
ಥರ್ಮಾಸಿನ್ಯಾಗ ಐಸು, ಐಸಿನ್ಯಾಗ ಸೀಸೆ.
ಬುಟ್ಟಿ, ಚೀಲ, ಒಂದು ಮುರಕ ಟ್ರಂಕು,
ಓಣಿ ಕೋಳಿಯೆಲ್ಲಾ ಗುಡಿ ಕಟ್ಟಿಗೆ ಬಂದವು.
ತಿಪ್ಪವ್ವ ರೆಕ್ಕಿ ಒತ್ತಿ ಹಿಡದಳು,
ನಾ ಮೊಬೈಲ್ ಬ್ಯಾಟರಿ ಬಿಟ್ಟೆ,
ಆಂವ ಕಣ್ಣಿಗೊಂದು ಹನಿ ಹಾಕಿದ.
ಒಂದೊಂದೂ ರೆಪ್ಪಿ ಬಡದು
ನಮ್ಮನ್ನ ಈಗ ಕಂಡವರಂಗ ನೋಡತಿತ್ತು.
ಆ ಎರಡಕ್ಕ ಹಾಕಲಿಲ್ಲ.
“ಇವನ್ನ ಬ್ಯಾರೆ ಇಡ್ರಿ,” ಅಂದ.
ಇಡೂದು ಅಂದರ ಏನಂತ ಇಬ್ಬರಿಗೂ ಗೊತ್ತಿತ್ತು.

ಒಳಗ ಹೊಕ್ಕಿದ್ದರ ಹನಿ ಏನೂ ಮಾಡೂದಿಲ್ಲಂತ,
ಹದಿನೈದು ದಿನ ಕಾಯಬೇಕಂತ.
ಗುಡ್ಡದ ಮ್ಯಾಲ ಬಿಸಲು ಇನ್ನೂ ಬಂದಿರೂದಿಲ್ಲ,
ಗ್ವಾಡಿ ಆಚೆಯಿಂದ ದನಿ ಬರತೈತಿ:
“ನಿಮ್ಮವು?”
“ಹನ್ನೊಂದು. ನಿಮ್ಮವು?”
ಎಣಿಸಬ್ಯಾಡ ಅಂದಿದ್ದಿಯತ್ತಿ,
ನಾವು ಈಗ ಕೂಗಿ ಎಣಿಸತೀವಿ.

ಇವತ್ತು ಆರನೇ ದಿನ.
ಆಕಿ ದನಿ ಇನ್ನೂ ಬಂದಿಲ್ಲ.
ನಾನ ಗ್ವಾಡಿ ಹತ್ತರ ಹೋಗಿ ಕೇಳಿದೆ.
ಮರದಾಗ ಅಕ್ಕಿ ಕೇರೂ ಸಪ್ಪಳ ನಿಂತಿತು.
“ತಡಿಯವ್ವ, ಮರಿ ಒಂದು ಒಲಿ ಹಿಂದ ಹೊಕ್ಕೈತಿ.
ಇನ್ನೊಮ್ಮೆ ಎಣಿಸತೀನಿ.”