ಊರವರಿಗೆ ಮೊದಲ ವಾರ

ಗೆರೆ ಎಳೆಯುವುದು ನನ್ನ ಕಸುಬು.
ಸುಣ್ಣ ತುಂಬಿದ ತಳ್ಳುಗಾಡಿ, ನಾಲ್ಕು ಗೂಟ, ಒಂದು ಉದ್ದನೆಯ ದಾರ.
ಮಾರ್ಚ್ ಬಂತೆಂದರೆ ಓಹಾಯೊದ ಈ ಮೈದಾನ
ಒದ್ದೆ ಕಂಬಳಿಯ ಹಾಗೆ ನಾರುತ್ತದೆ,
ಆ ನಾತದಲ್ಲೇ ನನಗೆ ಹೊಸ ವರ್ಷ.

ಆ ಶನಿವಾರ ವಿನಿಫ್ರೆಡ್‌ಗೆ ಜ್ವರ.
ಕೌಂಟರಿನಲ್ಲಿ ನೀನೇ ಕೂತ್ಕೋ ಎಂದರು ಮೇಲಿನವರು.
ಕೈಗೊಂದು ಮೊಹರು, ಎರಡು ಪಟ್ಟಿ,
ಗೋಡೆಯ ಮೇಲೆ ಹಳದಿ ಕಾಗದ:
ಹತ್ತರೊಳಗಿನ ಮಕ್ಕಳ ಫುಟ್‌ಬಾಲು, ಜಾಗ ಮೂವತ್ತಾರು.
ಮೊದಲ ವಾರ ಊರವರಿಗೆ ಮಾತ್ರ.
ಹೊರಗಿನವರು ಅದರ ಮೇಲಿನ ಸೋಮವಾರ ಬರುವುದು,
ನಲವತ್ತು ಡಾಲರ್ ಹೆಚ್ಚಿಗೆ ತರುವುದು.
ಊರವರೆನ್ನಲು ಸಾಕ್ಷಿ, ನೀರಿನ ಬಿಲ್ಲು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಅದು ಗಾದೆ.
ಇಲ್ಲಿ ತಿರುಗುಮುರುಗು:
ನಲ್ಲಿಗೆ ಬಂದವಳೇ ಊರಿನವಳು.

ಏಳಕ್ಕೆ ಬಾಗಿಲು. ಐದೂವರೆಗೇ ಬಂದು ಕೂತಿದ್ದ ಮುದುಕ ನೊವೊಟ್ನಿ,
ಮಡಿಸುವ ಕುರ್ಚಿ, ಥರ್ಮಾಸು ಸಮೇತ, ಮೊಮ್ಮಗನಿಗಾಗಿ.
"ಮೂವತ್ತೊಂಬತ್ತು ವರ್ಷ ತೆರಿಗೆ ಕಟ್ಟಿದೀನಿ,
ಆ ದೀಪದ ಕಂಬದಲ್ಲಿ ಒಂದು ಬಲ್ಬು ನಂದು," ಅಂದ.
ನಗಲಿಲ್ಲ. ತಮಾಷೆಯೂ ಅಲ್ಲ.
ಹೋದ ವರ್ಷ ಹೆದ್ದಾರಿಯಾಚೆಯ ದೊಡ್ಡ ಮನೆಗಳವರು
ಮಧ್ಯರಾತ್ರಿ ಕಂಪ್ಯೂಟರ್ ಮುಂದೆ ಕೂತು
ಜಾಗವನ್ನೆಲ್ಲ ಬಾಚಿಕೊಂಡಿದ್ದರು.
ಆ ಹುಡುಗ ಇಡೀ ವಸಂತ ಬೇಲಿಯ ತಂತಿಗೆ ಮುಖ ಒತ್ತಿ ಆಟ ನೋಡಿದ.
ಹಣೆಯ ಮೇಲೆ ಚೌಕದ ಗುರುತು, ನಾನು ಕಂಡಿದ್ದೇನೆ.
ಮೊಹರು ಒತ್ತಿದೆ. ಜೋರಾಗಿಯೇ ಒತ್ತಿದೆ.

ಮೂವತ್ತೆರಡು ಹೆಸರಾಗಿತ್ತು, ಬಂದಳು
ಡೇಲಿಯಾ ಪ್ರುಯಿಟ್, ವಯಸ್ಸು ಒಂಬತ್ತು, ಒಬ್ಬಳೇ.
ಅಮ್ಮ ಟೈರ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಕಾರಿನಲ್ಲೇ ನಿದ್ದೆಹೋಗಿದ್ದಾಳಂತೆ, ಎಬ್ಬಿಸಬಾರದಂತೆ.
ವಿಳಾಸ ಟ್ಯಾಮರಾಕ್ ರಸ್ತೆ.
ಗೊತ್ತು ನನಗೆ. ಆ ರಸ್ತೆಯ ನಡುಮಧ್ಯಕ್ಕೆ ಊರು ಮುಗಿಯುತ್ತದೆ.
ಎಡಗಡೆ ಊರು, ಬಲಗಡೆ ಕೌಂಟಿ;
ಹಿಮ ಬಿದ್ದಾಗ ನಮ್ಮ ಗಾಡಿ
ಅರ್ಧ ರಸ್ತೆ ಗೋರಿ ವಾಪಸು ಬರುತ್ತದೆ.

"ನೀರಿನ ಬಿಲ್ಲು?"
"ನಮ್ದು ಬಾವಿ. ನಮ್ಮ ನೀರಿಗೆ ಬಿಲ್ ಬರಲ್ಲ."
ಕೊಂಚ ಯೋಚಿಸಿ,
"ಆದ್ರೆ ಟಪಾಲು ಪೆಟ್ಟಿಗೆ ಈ ಕಡೆ ಇದೆ.
ಎಲ್ಲಾರ್ದೂ ಈ ಕಡೇನೇ. ಕಾಗದ ಎಲ್ಲಾ ಊರಿಗೇ ಬರೋದು."

ಪೆಟ್ಟಿಗೆ ಊರಿನದು, ನೀನಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.
ಆಯಿತು ಎನ್ನಲೂ ಬರಲಿಲ್ಲ.
ಅವಳ ಹಿಂದೆ ಮೂವರು, ಕೈಯಲ್ಲಿ ಬಿಲ್ಲು,
ಮುಖದಲ್ಲಿ ನೊವೊಟ್ನಿಯದೇ ಬೆಳಗಿನ ಜಾವ.
ನಾನೂ ಟ್ಯಾಮರಾಕಿನ ಬಲಗಡೆಯವನೇ.
ಹದಿನೇಳು ವರ್ಷದಿಂದ ಈ ಊರಿನ ಹುಲ್ಲು ಕತ್ತರಿಸಿದ್ದೇನೆ,
ನನ್ನ ಮಗನೂ ಸೋಮವಾರದ ಸಾಲಿನಲ್ಲಿ ನಿಂತು ಬೆಳೆದವನು.
ಅದನ್ನು ಅವಳಿಗೆ ಹೇಳಿ ಏನು ಬಂತು?

ಕಾಯುವವರ ಪಟ್ಟಿ ತೆಗೆದೆ, ಖಾಲಿ ಹಾಳೆ,
ಮೊದಲನೆಯ ಗೆರೆಯ ಮೇಲೆ ಬರೆದೆ.
ಅವಳು ಎದುರಿನಿಂದ, ತಲೆಕೆಳಗಾಗಿಯೇ ಓದಿದಳು.
"ಪ್ರುಯಿಟ್. ಕೊನೇಲಿ ಎರಡು ಟಿ."

ಸಂಜೆ ದಾರ ಬಿಗಿದು ಗಾಡಿ ತಳ್ಳುತ್ತಿದ್ದೆ.
ಶೆಡ್ಡಿನ ಗೋಡೆಗೆ ಯಾರೋ ಚೆಂಡು ಒದೆಯುವ ಸದ್ದು,
ಒಂದೇ ಸಮ, ಒಂದೇ ಸಮ,
ಆಮೇಲೆ ಸದ್ದಿಲ್ಲ.
ಹಸಿ ಸುಣ್ಣದ ಮೇಲೆ ಉರುಳಿಬಂದು ನಿಂತಿತು ಚೆಂಡು.

ಈ ಆಟದಲ್ಲಿ ಚೆಂಡು ಇಡಿಯಾಗಿ ದಾಟಿದರಷ್ಟೇ ಹೊರಗೆ.
ಕೂದಲೆಳೆಯಷ್ಟು ಗೆರೆಯ ಮೇಲಿದ್ದರೂ ಒಳಗೇ.
ಹತ್ತರೊಳಗಿನ ಮಕ್ಕಳಿಗೆ
ಮೊದಲ ದಿನ ಹೇಳಿಕೊಡುವ ಪಾಠ ಅದು.

ಗಾಡಿ ನಿಲ್ಲಿಸಿದೆ.
ಚೆಂಡಿನ ಒಂದು ಕೆನ್ನೆ ಬೆಳ್ಳಗಾಗಿತ್ತು.
ಸೋಮವಾರಕ್ಕೆ ಇನ್ನೂ ಒಂಬತ್ತು ದಿನ,
ಖಾಲಿ ಜಾಗ, ಇವತ್ತಿನ ಲೆಕ್ಕಕ್ಕೆ,
ಒಂದು.