ತೊಳೆದು, ಒಣಗಿಸಿ

ಹಸಿರು ಕೋಟಿನ ಎರಡನೆಯ ಗುಂಡಿ ಹೋಗಿದೆ,
ಅಲ್ಲಿಗೊಂದು ಪಿನ್ನು.
ನಾನು ವಾರಿಜ, ಆರನೇ ವಾರ್ಡು.
ಗೋಣಿಯ ಇನ್ನೊಂದು ತುದಿಗೆ ನಫೀಸ.
ತಿಂಗಳಿಗೊಮ್ಮೆ ಬರುತ್ತೇವೆ, ಕರೆಂಟು ಬಿಲ್ಲಿನವನ ಹಾಗೆ.
ಅವನಿಗಾದರೆ ಕುರ್ಚಿ.

ಗೇಟಿನ ಕಂಬದಲ್ಲಿ ಪಂಚಾಯತು ಅಂಟಿಸಿದ ಚೌಕ,
ಸಕ್ಕರೆಗೆ ಇರುವೆ ಮುತ್ತಿದ ಹಾಗೆ.
ಅದಕ್ಕೆ ಫೋನು ತೋರಿಸಬೇಕು. ರೇಂಜಿಲ್ಲದ ಕಡೆ
ನಫೀಸ ಹಲಸಿನ ಬುಡದ ಕಲ್ಲು ಹತ್ತಿ
ಕೈ ಎತ್ತಿ ನಿಲ್ಲುತ್ತಾಳೆ,
ಬಾರದ ಬಸ್ಸಿಗೆ ಕೈ ತೋರಿಸಿದಂತೆ.

ನೋಟೀಸು ಮಲಯಾಳದಲ್ಲಿ ಬರುತ್ತದೆ.
ನಾನು ಕನ್ನಡದಲ್ಲಿ ಓದಿ ಹೇಳುತ್ತೇನೆ, ತುಳುವಿನಲ್ಲಿ ಬೇಡುತ್ತೇನೆ,
ನಫೀಸ ಬ್ಯಾರಿಯಲ್ಲಿ ಗದರುತ್ತಾಳೆ.
ಮಾಲಿನ್ಯ ಎಂದರೆ ನಮಗೆ ದೊಡ್ಡ ಮಾತು,
ಶಾಲೆಯಲ್ಲಿ ಎರಡು ಪುಟ ಪ್ರಬಂಧ ಬರೆದದ್ದು;
ಅವರಲ್ಲಿ ಅದು ಬರೀ ಕಸ.
ಕುಪ್ಪಿ ಮಾತ್ರ ಎಲ್ಲರಿಗೂ ಕುಪ್ಪಿ.

ತೊಳೆದು, ಒಣಗಿಸಿ ಕೊಡಿ.
ಇಷ್ಟೇ ನಮ್ಮ ಮಂತ್ರ. ದಕ್ಷಿಣೆ ಐವತ್ತು ರೂಪಾಯಿ.
"ಕಸವೂ ನಮ್ಮದೇ, ದುಡ್ಡೂ ನಮ್ಮದೇ,
ಎಂಥ ನ್ಯಾಯ ಮಾರಾಯ್ತಿ ಇದು?"
ರಶೀದಿ ಇಲ್ಲದಿದ್ದರೆ ನಾಳೆ ಪಂಚಾಯತಿನಲ್ಲಿ
ಮನೆ ನಂಬ್ರದ ಕೆಲಸ ಆಗಲಿಕ್ಕಿಲ್ಲ,
ಹಾಗೆ ಹೇಳಬೇಕೆಂದು ಮೆಂಬರು ಹೇಳಿದ್ದಾರೆ.
ಹೇಳುತ್ತೇನೆ,
ನನ್ನ ಚಪ್ಪಲಿ ನೋಡುತ್ತಾ.

ಮುಖ ನೋಡಿದರೆ ಜನ ತಿಳಿಯುವುದಿಲ್ಲ.
ಡಾಮಾರು ರಸ್ತೆಯ ಮಾಷ್ಟ್ರ ಮನೆಯಲ್ಲಿ ಹಾಲಿನ ಕವರುಗಳನ್ನು
ಕ್ಲಿಪ್ಪು ಹಾಕಿ ತಂತಿಯಲ್ಲಿ ಒಣಗಿಸಿರುತ್ತಾರೆ,
ಅಂಗಿಗಳಿಗಿಂತ ಸಾಲಾಗಿ.
ತಾರಸಿ ಮನೆಯವರದು ಮೀನಿನ ಕವರು, ಬಿಗಿದ ಗಂಟು;
ಬಿಚ್ಚಿದವಳು ನಾನು.
"ನಮ್ಮಲ್ಲಿ ಪ್ಲಾಸ್ಟಿಕ್ಕೇ ಇಲ್ಲ" ಎನ್ನುವ ಮನೆಯ ಹಿತ್ತಲಲ್ಲಿ
ಸಂಜೆಗೆ ನೀಲಿ ಹೊಗೆ.
ಇನ್ನೊಂದು ಮನೆಯಲ್ಲಿ ಮಾತ್ರೆಯ ಪಟ್ಟಿಗಳು ಈ ಸಲ ಕಡಿಮೆ.
ಗುಣವಾಯಿತೋ, ಸಾಕೆಂದು ಬಿಟ್ಟರೋ,
ಕೇಳುವ ಕಾಲಂ ಇಲ್ಲ.

ಅರ್ಧ ಕ್ರಯಕ್ಕೆ ಕೊಟ್ಟ ಗೊಬ್ಬರದ ಬಕೆಟ್ಟು
ಐತ್ತಪ್ಪಣ್ಣನ ಅಟ್ಟದಲ್ಲಿ ಕುಚ್ಚಿಲಕ್ಕಿ ತುಂಬಿಕೊಂಡು ಕೂತಿದೆ.
"ಮುಚ್ಚಳ ಭಾರೀ ಗಟ್ಟಿ, ಇಲಿ ಹೋಗುವುದಿಲ್ಲ."
ಮರುಬಳಕೆ ಎಂದು ಬರೆದುಕೊಂಡೆ.
ಸುಳ್ಳಲ್ಲವಲ್ಲ.

ಕೊನೆಗೆ ಗೇರುಗುಡ್ಡೆಯ ಬುಡದ ಮನೆ.
ಜಗಲಿಯ ಚಾಪೆಯಲ್ಲಿ ಮಗಳು, ಮೂವತ್ತು ದಾಟಿದವಳು,
ನಮ್ಮ ಗೋಣಿಯ ಸರಬರ ಸದ್ದಿಗೆ ನಗುತ್ತಾಳೆ.
ಅವಳಿಗಾಗಿ ನಫೀಸ ಇನ್ನೊಮ್ಮೆ ಗೋಣಿ ಕೊಡವುತ್ತಾಳೆ.

ಚನಿಯಾರಕ್ಕ ಮಾಡಿನ ಸಂದಿಯಿಂದ
ಬಿಳಿ ಕ್ಯಾನೊಂದನ್ನು ಇಳಿಸಿ ತಂದಳು.
"ಇದು ಆಗ್ತದಾ?"
ಗುಡ್ಡೆಗೆ ಮದ್ದು ಬಿಡುತ್ತಿದ್ದ ಕಾಲದ್ದು.
ಖಾಲಿಯಾದ ಮೇಲೆ ಬೇಡಿ ತಂದದ್ದಂತೆ,
ಇಷ್ಟು ಗಟ್ಟಿ ಪ್ಲಾಸ್ಟಿಕ್ಕು ಯಾರು ಬಿಸಾಡುತ್ತಾರೆ.
ಬೂದಿ ಹಾಕಿ ತಿಕ್ಕಿದ್ದಳಂತೆ, ಹುಣಸೆ ಹಾಕಿ, ಅಂಟುವಾಳ ಹಾಕಿ,
ಮೂರು ಬಿಸಿಲಿಗೆ ಬಾಯಿ ಕೆಳಗೆ ಮಾಡಿ ಇಟ್ಟಿದ್ದಳಂತೆ.
ಆಮೇಲೆ ನೀರು.
ಸುರಂಗದಿಂದ ಅಡಿಗೆಮನೆಗೆ, ಹತ್ತು ವರ್ಷ.
"ನೀವು ಈಗ ಹೇಳುವುದು.
ನನಗೆ ಆಗ ಯಾರೂ ಹೇಳಿರಲಿಲ್ಲ,
ನಾನೇ ತೊಳೆದು ಒಣಗಿಸಿದ್ದು."

ಚಾಪೆಯ ಮೇಲಿನ ನಗು ನಿಂತಿತ್ತು.
ನಫೀಸ ನನ್ನನ್ನು ನೋಡಿದಳು, ನಾನು ಪಟ್ಟಿ ನೋಡಿದೆ.
ಇಂಥದ್ದಕ್ಕೆ ಬೇರೆ ಸಾಲು ಉಂಟು: ಅಪಾಯಕಾರಿ.
ಮನೆಯಿಂದ ತೆಗೆದುಕೊಳ್ಳಕೂಡದು.
ಆದೇಶ ಬಂದ ಮೇಲೆ ತಿಳಿಸಲಾಗುವುದು.

ಗೋಣಿಗೆ ಹಾಕಲಿಲ್ಲ. ಬಿಟ್ಟು ಬರಲಿಲ್ಲ.
ಹಿಡಿಯಲ್ಲಿ ಬೆರಳು ತೂರಿಸಿದೆ;
ಅವಳ ಬೆರಳು ಸವೆಸಿದ ಜಾಗ ನುಣ್ಣಗಿತ್ತು.
ರಶೀದಿಯಲ್ಲಿ ಬರೆದೆ, ಕನ್ನಡದಲ್ಲೇ,
ಆಫೀಸಿನವರು ಯಾರನ್ನಾದರೂ ಕೇಳಿ ಓದಿಕೊಳ್ಳಲಿ:
ಕ್ಯಾನು ಒಂದು. ತೊಳೆದದ್ದು.

ನಫೀಸ ಆಗಲೇ ಕೆಳಗಿನ ಗೇಟಿಗೆ ಇಳಿದು
ಕೂಗುತ್ತಿದ್ದಾಳೆ:
ನಾಯಿ ಕಟ್ಟಿದ್ದೀರಾ?